ಮಾರಾಟಕ್ಕಿದೆ: ಮಲಗಿಕೊಂಡೇ ಊರು ನೋಡುವ ಗಾಡಿ

ಗಂಗಾವತಿಯಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಪಾಂಪ್ಲೆಟ್ ಕೆಲಸವೂ ಉಂಟು. ಸೀರೆ ಸೇಲ್, ಟ್ಯೂಷನ್, ಕಳೆದುಹೋದ ಎಮ್ಮೆ, ಏನೇ ಇದ್ದರೂ ನಿಂತ ಕಾಲಲ್ಲಿ ಬರೆದು ಕೊಡುತ್ತೇನೆ. ಅಂಥ ನನಗೆ ನನ್ನದೇ ಒಂದು ನಾಲ್ಕು ಸಾಲಿನ ಜಾಹೀರಾತು ಬರೆಯಲು ನಾಲ್ಕು ದಿನ ಹಿಡಿಯಿತು. ಮಾರಬೇಕಿದ್ದದ್ದು ಒಂದು ಹಳೇ ಆಂಬುಲೆನ್ಸು.

ಅದು ನನ್ನ ಹತ್ತಿರ ಹೇಗೆ ಬಂತು ಅಂತ ಹೇಳಿಬಿಡುತ್ತೇನೆ. ಎರಡು ವರ್ಷದ ಹಿಂದೆ ಒಂದು ಆಸ್ಪತ್ರೆಯವರು ಹಳೇ ಸಾಮಾನು ಹರಾಜಿಗಿಟ್ಟಿದ್ದರು. ನಾನು ಹೋಗಿದ್ದು ಅಂಗಡಿಗೆ ಜನರೇಟರ್ ನೋಡಲು. ಮನೆಗೆ ತಂದಿದ್ದು ಈ ಗಾಡಿ. ಆ ದಿನಗಳಲ್ಲಿ ಫೋನಿನಲ್ಲಿ ವಿಡಿಯೊ ನೋಡಿ ನೋಡಿ ನನ್ನ ತಲೆ ಕೆಟ್ಟಿತ್ತು. ಯಾವನೋ ಪುಣ್ಯಾತ್ಮ ವ್ಯಾನಿನೊಳಗೇ ಹಾಸಿಗೆ, ಒಲೆ, ಸಿಂಕು ಎಲ್ಲಾ ಕೂರಿಸಿಕೊಂಡು ಲಡಾಖ್‌ನ ಬೆಟ್ಟದ ಬುಡದಲ್ಲಿ ಚಹಾ ಕಾಯಿಸುತ್ತಿರುತ್ತಾನೆ. ಅದನ್ನು ಗಂಗಾವತಿಯ ಏಪ್ರಿಲ್ ಬಿಸಿಲಲ್ಲಿ ಕೂತು ನೋಡಿದರೆ ಯಾರಿಗಾದರೂ ಬುದ್ಧಿ ನಿಲ್ಲುತ್ತದೆಯೇ?

ಹೆಂಡತಿ ಗಾಡಿಯನ್ನು ಒಂದು ಸುತ್ತು ಹಾಕಿ ನೋಡಿದಳು. "ಮಂದಿ ಆಂಬುಲೆನ್ಸ್‌ದಿಂದ ಇಳಿದು ಮನಿಗೆ ಬಂದ್ರ ದೇವರಿಗೆ ಕಾಯಿ ಒಡಸ್ತಾರ. ನೀವು ರೊಕ್ಕ ಕೊಟ್ಟು ಹತ್ತಾಕ ಹೊಂಟೀರಿ" ಅಂದಳು.

ನ್ಯಾಯವಾಗಿ ನೋಡಿದರೆ ಮನೆ ಮಾಡಿಕೊಳ್ಳಲು ಆಂಬುಲೆನ್ಸ್‌ನಷ್ಟು ಒಳ್ಳೆಯ ಗಾಡಿ ಇಲ್ಲ. ನನ್ನದು ಟ್ರಾವೆಲರ್. ಅದರ ಮೂಲ ವಿನ್ಯಾಸ ಮರ್ಸಿಡಿಸ್ ಬೆಂಜ್‌ನ ಟಿ1 ವ್ಯಾನಿನದು. ಈ ಮಾತನ್ನು ನಾನು ಸಿಕ್ಕಸಿಕ್ಕವರಿಗೆಲ್ಲ ಹೇಳಿ ಬೆಂಜ್ ಮಾಲೀಕನ ಗತ್ತಿನಲ್ಲಿ ಎರಡು ವರ್ಷ ಓಡಾಡಿದ್ದೇನೆ. ಹಿಂದಿನ ಬಾಗಿಲು ತೆಗೆದರೆ ಒಂದು ಕೋಣೆಯೇ ತೆರೆದುಕೊಂಡ ಹಾಗೆ. ನೆಲ ಸಪಾಟು, ನೀರು ಹಾಕಿ ತೊಳೆಯಬಹುದು. ಅರ್ಧ ಕಿಟಕಿಗೆ ಮಂಜು ಗಾಜು, ಆದ್ದರಿಂದ ಪರದೆ ಖರ್ಚಿಲ್ಲ. ಇನ್ವರ್ಟರ್, ಪ್ಲಗ್ ಪಾಯಿಂಟು, ಲೈಟು, ಫ್ಯಾನು, ಗೋಡೆಗೆ ಕಪಾಟು ಎಲ್ಲಾ ಮೊದಲೇ ಇದ್ದವು. ಸ್ಟ್ರೆಚರ್ ತೆಗೆದು ಅದರ ಜಾಗದಲ್ಲಿ ಪ್ಲೈವುಡ್ ಹೊಡೆದು ಗಾದಿ ಹಾಕಿಸಿದೆ. ಸಲೈನ್ ಬಾಟಲಿ ನೇತು ಹಾಕುವ ಕೊಕ್ಕೆಗೆ ಸೊಳ್ಳೆ ಪರದೆಯ ಒಂದು ತುದಿ, ಇನ್ನೊಂದಕ್ಕೆ ಬಾಳೆಗೊನೆ. ಆಕ್ಸಿಜನ್ ಸಿಲಿಂಡರ್ ನಿಲ್ಲಿಸುವ ಸ್ಟ್ಯಾಂಡಿನಲ್ಲಿ ಕುಡಿಯುವ ನೀರಿನ ಡ್ರಮ್ಮು. ಡ್ರೈವರ್‌ಗೂ ಹಿಂದೆ ಕೂತವರಿಗೂ ನಡುವೆ ಸರಿಸುವ ಗಾಜೊಂದು ಇತ್ತು. ಸಂಸಾರಸ್ಥರಿಗೆ ಅದರ ಬೆಲೆ ಗೊತ್ತು. ನಮ್ಮ ಗಾಡಿಯಲ್ಲಿ ಅದನ್ನು ಮುಚ್ಚುವ ಹಕ್ಕು ಮಾತ್ರ ಹಿಂದೆ ಕೂತವರ ಕೈಯಲ್ಲಿತ್ತು.

ಕಷ್ಟ ಶುರುವಾದದ್ದು ಮೊದಲ ದಿನವೇ. ರಾತ್ರಿ ಗಾಡಿ ತಂದು ಮನೆ ಮುಂದೆ ನಿಲ್ಲಿಸಿದೆ. ಬೆಳಗಾಗುವಷ್ಟರಲ್ಲಿ ಎದುರು ಮನೆ ಅಜ್ಜಿ ಗಂಜಿ ತಂದಿದ್ದರು. ಪಕ್ಕದವರು ಮೆಲ್ಲಗೆ, "ಯಾರಿಗೆ ಏನಾಗೇತ್ರಿ ಸರ? ಬಿ.ಪಿ. ಏನು?" ಅಂದರು. ಹತ್ತು ಗಂಟೆಗೆ ಕಾರಟಗಿಯಿಂದ ದೊಡ್ಡವ್ವ ಎರಡು ಕಿಲೊ ಮೋಸಂಬಿ ಹಿಡಿದು ಬಂದಿಳಿದಳು. ಬಾಗಿಲಲ್ಲಿ ನಾನೇ ಹಲ್ಲುಜ್ಜುತ್ತ ನಿಂತಿದ್ದೆ. "ನೀ ಆರಾಮ ಅದಿಯಲ್ಲೋ?" ಅಂತ ಕೇಳಿದ ಅವಳ ದನಿಯಲ್ಲಿ ಸಂತೋಷಕ್ಕಿಂತ ಬಸ್ ಚಾರ್ಜು ದಂಡವಾದ ಬೇಸರವೇ ಜಾಸ್ತಿ ಇತ್ತು. ಮೋಸಂಬಿ ಮಾತ್ರ ವಾಪಸ್ ಒಯ್ಯಲಿಲ್ಲ.

ಮರುದಿನವೇ ಸೈರನ್ ಬಿಚ್ಚಿ ಅಟ್ಟದ ಮೇಲೆ ಎಸೆದೆ. ಮೇಲಿನ ದೀಪ ತೆಗೆಸಿದೆ. ಸ್ಟಿಕ್ಕರ್‌ಗಳನ್ನು ಬಿಸಿನೀರು ಹಾಕಿ ಕೆರೆದೆ. ಕೆರೆದ ಮೇಲೆ ಗೊತ್ತಾಯಿತು, ನಮ್ಮ ಬಿಸಿಲು ಎಂಥದ್ದು ಅಂತ. ವರ್ಷಗಟ್ಟಲೆ ಬಿಸಿಲಿಗೆ ಬಣ್ಣವೆಲ್ಲ ಮಾಸಿ, ಸ್ಟಿಕ್ಕರ್ ಇದ್ದ ಕಡೆ ಮಾತ್ರ ಹೊಸದರಂತೆ ಬೆಳ್ಳಗೆ ಉಳಿದಿತ್ತು. ಅಂದರೆ ಸ್ಟಿಕ್ಕರ್ ಹೋಯಿತು, ಅಕ್ಷರ ಹೋಗಲಿಲ್ಲ. ಆಂಬುಲೆನ್ಸ್‌ನ ಮೂತಿ ಮೇಲೆ ಹೆಸರನ್ನು ಉಲ್ಟಾ ಬರೆದಿರುತ್ತಾರೆ, ಮುಂದಿನ ಗಾಡಿಯವನ ಕನ್ನಡಿಯಲ್ಲಿ ಸುಲ್ಟಾ ಕಾಣಲಿ ಅಂತ. ಆ ಉಲ್ಟಾ ಅಕ್ಷರಗಳು ದೆವ್ವದ ಹಾಗೆ ಅಲ್ಲೇ ಕೂತಿದ್ದವು. ಪಕ್ಕದ ಬಾಗಿಲಲ್ಲಿ ಆರು ತೋಳಿನ ನಕ್ಷತ್ರ, ಅದರ ನಡುವೆ ಕೋಲಿಗೆ ಸುತ್ತಿಕೊಂಡ ಹಾವು. ನಾಗರ ಪಂಚಮಿ ದಿನ ಎದುರು ಮನೆ ಅಜ್ಜಿ ಅದಕ್ಕೆ ಹಾಲೆರೆದು ಹೋಗಿದ್ದರು. ಬಾಗಿಲಿನ ಸಂದಿಯಲ್ಲಿ ಹಾಲು ಇಳಿದು, ವಾರ ಪೂರ್ತಿ ನನ್ನ ಬೆಂಜು ಒಡೆದ ಹಾಲಿನ ವಾಸನೆ ಹೊಡೆಯಿತು.

ರಸ್ತೆಯಲ್ಲಿ ಇನ್ನೊಂದು ಪಾಡು. ಜನ ದಾರಿ ಬಿಡುತ್ತಿದ್ದರು. ಆಂಬುಲೆನ್ಸ್‌ಗೆ ದಾರಿ ಬಿಡದಿದ್ದರೆ 10,000 ರೂಪಾಯಿ ದಂಡ ಅಂತ 2019ರಲ್ಲಿ ಕಾನೂನು ತಿದ್ದಿದ್ದಾರಲ್ಲ, ಅದರ ಭಯವೋ, ಮನುಷ್ಯತ್ವವೋ. ಒಮ್ಮೆ ಒಬ್ಬ ಭತ್ತದ ಲಾರಿಯವನು ಪಾಪ, ಅರ್ಧ ಗಾಡಿ ಮಣ್ಣಿಗಿಳಿಸಿ ನನಗೆ ದಾರಿ ಕೊಟ್ಟ. ಒಂದು ಫರ್ಲಾಂಗ್ ಮುಂದೆ ನಾನು ಮಿರ್ಚಿ ಅಂಗಡಿ ಮುಂದೆ ನಿಲ್ಲಿಸಿ ಒಗ್ಗರಣಿ ಪ್ಲೇಟು ಕೈಗೆ ತಗೊಳ್ಳುವುದಕ್ಕೂ ಅವನ ಲಾರಿ ಬಂದು ನಿಲ್ಲುವುದಕ್ಕೂ ಸರಿ ಹೋಯಿತು. ಅವನು ನನ್ನನ್ನು ನೋಡಿದ, ಪ್ಲೇಟು ನೋಡಿದ. "ಪೇಷೆಂಟ್‌ಗೂ ಒಂದು ಪ್ಲೇಟ್ ಕಟ್ಟಸ್ರಿ" ಅಂದ. ಆಮೇಲೆ ಅಂದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಲಡಾಖ್‌ಗೆ ಹೋಗುವ ಮುಂಚೆ ಹತ್ತಿರದಲ್ಲೇ ಒಂದು ರಾತ್ರಿ ಕಳೆದು ನೋಡೋಣ ಅಂತ ಸಾಣಾಪುರ ಕೆರೆ ಕಡೆ ಹೊರಟೆವು. ಆ ಬಂಡೆಗಳ ನಡುವೆ ಚಿರತೆ ಭಯ ಇದೆ. ಅದಕ್ಕೆ ಊರ ಸಮೀಪದ ಒಂದು ಹೋಟೆಲ್ ಅಂಗಳದಲ್ಲಿ, ಮಾಲೀಕನನ್ನು ಕೇಳಿಯೇ ಗಾಡಿ ಹಾಕಿದೆ. ಬೆಳದಿಂಗಳು, ತಂಗಾಳಿ, ದೂರದಲ್ಲಿ ಅಂಜನಾದ್ರಿಯ ದೀಪ. 575 ಮೆಟ್ಟಿಲು ಹತ್ತಿ ಇಳಿದ ಹೆಂಡತಿ ಗಾದಿಗೆ ಬಿದ್ದವಳೇ ನಿದ್ದೆ ಹೋದಳು. ನನಗೂ ಕಣ್ಣು ಹತ್ತಿತ್ತು. ರಾತ್ರಿ ಒಂದೂವರೆಗೆ ಹಿಂದಿನ ಬಾಗಿಲು ದಬದಬ.

ತೆಗೆದರೆ ನಾಲ್ಕು ಮಂದಿ ಒಬ್ಬನನ್ನು ಹೊತ್ತುಕೊಂಡು ನಿಂತಿದ್ದಾರೆ. ಗದ್ದೆಗೆ ನೀರು ಬಿಡಲು ಹೋದವನಿಗೆ ಚೇಳು ಕಡಿದಿತ್ತು. ಒಬ್ಬ ಟಾರ್ಚ್ ಬಿಟ್ಟು ಒಳಗೆ ಇಣುಕಿದ. ಗಾದಿ ಮೇಲೆ ಹೊದ್ದು ಮಲಗಿದ್ದ ನನ್ನ ಹೆಂಡತಿ ಕಂಡಳು. "ಅಯ್ಯ, ಮೊದಲs ಒಬ್ರು ಪೇಷೆಂಟ್ ಅದಾರಲೇ" ಅಂದ. ಪೇಷೆಂಟ್ ಎದ್ದು ಕೂತು, "ಯಾರ್ರಿ ಅದು?" ಅಂತ ಕಿರುಚಿದ್ದೇ ತಡ, ಹೊತ್ತವರಲ್ಲಿ ಇಬ್ಬರು ಕೈಬಿಟ್ಟು ಓಡಿದರು. ಚೇಳು ಕಡಿದವನ ಸೊಂಟಕ್ಕೂ ಪೆಟ್ಟಾಯಿತು.

ಇದು ಆಂಬುಲೆನ್ಸ್ ಅಲ್ಲ, ಮನೆ ಅಂತ ಅಪರಾತ್ರಿಯಲ್ಲಿ ಯಾರಿಗೆ ಬಿಡಿಸಿ ಹೇಳುವುದು? ಗಾದಿ ಮೇಲೆ ಅವನನ್ನು ಹಾಕಿಕೊಂಡು ಗಂಗಾವತಿ ಕಡೆ ಓಡಿಸಿದೆ. ಅರ್ಧ ದಾರಿಯಲ್ಲಿ ಅವನೇ ನರಳುತ್ತ, "ಅಣ್ಣಾರ, ಸೈರನ್ ಹಾಕ್ರಿ" ಅಂದ. ಬಿಚ್ಚಿಟ್ಟೀನಿ ಅಂದೆ. ಅವನಿಗೆ ಅದು ಸರಿಬರಲಿಲ್ಲ. ಜೀವಮಾನದಲ್ಲಿ ಒಮ್ಮೆ ಆಂಬುಲೆನ್ಸ್ ಹತ್ತಿದ್ದಾನೆ, ಸೈರನ್ ಇಲ್ಲ ಅಂದರೆ ಹೇಗೆ? ಕೊನೆಗೆ ಅವನ ತಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿ, ಆನೆಗೊಂದಿ ರಸ್ತೆ ಉದ್ದಕ್ಕೂ "ಕುಂಯ್ಯೋ ಕುಂಯ್ಯೋ" ಅಂತ ತಾನೇ ಕೂಗಿಕೊಂಡು ಬಂದ. ರಸ್ತೆಯಲ್ಲಿ ಇದ್ದದ್ದು ಎರಡು ನಾಯಿ. ಅವೂ ದಾರಿ ಬಿಟ್ಟವು.

ಅವನು ಮರುದಿನವೇ ಆರಾಮಾಗಿ ಊರಿಗೆ ಹೋದ. ನಮ್ಮ ಬಾಳೆಗೊನೆ ಅವನ ಕಡೆಯವರ ಜೊತೆ ಹೋಯಿತು. ಹೆಂಡತಿ ಹೇಳಿದ್ದು ಒಂದೇ ಮಾತು: "ಮಾರ್ರಿ."

ಮಾರುವುದು ಕೊಂಡಷ್ಟು ಸುಲಭ ಅಲ್ಲ. ಆರ್‌ಸಿಯಲ್ಲಿ ಇನ್ನೂ ಆಂಬುಲೆನ್ಸ್ ಅಂತಲೇ ಇತ್ತು. ಅದನ್ನು ಬದಲಿಸಲು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಟಿಒ ಒಪ್ಪಿಗೆ ಬೇಕು. ಹೆಸರು ಬದಲಾಗಲು ಫಾರಂ 29, ಫಾರಂ 30. ದಿನಾ ಊರಿಗೆಲ್ಲ ಆ ಫಾರಂ ಪ್ರಿಂಟ್ ತೆಗೆದು ಕೊಡುವವನು ನಾನು, ನನ್ನ ಫಾರಂ ತುಂಬುವಾಗ ಮಾತ್ರ ಮೂರು ಕಾಪಿ ಹಾಳು ಮಾಡಿದೆ. ಜಾಹೀರಾತಿನಲ್ಲಿ ಎಲ್ಲಾ ಪ್ರಾಮಾಣಿಕವಾಗಿ ಬರೆದೆ: "ಟ್ರಾವೆಲರ್ ಆಂಬುಲೆನ್ಸ್, ಕ್ಯಾಂಪರ್ ಮಾಡಲು ಹೇಳಿ ಮಾಡಿಸಿದಂತಿದೆ. ಸಾಹಸ ಪ್ರವಾಸಕ್ಕೆ ಯೋಗ್ಯ. ಬೆಲೆ 2,50,000."

ಹಾಸಿಗೆ, ಒಲೆ ಕೂರಿಸಿಕೊಂಡ ಮನೆಯಂಥ ಗಾಡಿಗೆ 'ಕ್ಯಾಂಪರ್' ಅನ್ನುತ್ತಾರೆ. ಆ ಒಂದು ಶಬ್ದ ನನ್ನ ಮಾನ ಕಳೆಯಿತು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಕಾಲುವೆಗೆ ನೀರು ಬಂದ ಮೇಲೆ ಆಂಧ್ರದ ಕಡೆಯಿಂದ ರೈತರು ಬಂದು ನಮ್ಮಲ್ಲಿ ನೆಲೆಸಿದರಲ್ಲ, ಅವರ ಊರುಗಳಿಗೆಲ್ಲ ಕ್ಯಾಂಪ್ ಅಂತಲೇ ಹೆಸರು. ಮೊದಲ ಫೋನಿನವನು ಕೇಳಿದ: "ಯಾವ ಕ್ಯಾಂಪ್‌ನವ್ರು ನೀವು?" ಎರಡನೆಯವನಿಗೆ ಬೊಲೆರೊ ಕ್ಯಾಂಪರ್ ಬೇಕಿತ್ತು, ಗೊಬ್ಬರದ ಚೀಲ ಹೇರಲು. ನನ್ನ ಗಾಡಿಗೆ ಮಾಡು ಇದೆ ಅಂದದ್ದಕ್ಕೆ, "ಕೊಯ್ಸಿ ಕೊಡ್ತೀರೇನು?" ಅಂದ. ಬೆಂಗಳೂರಿನ ಇಬ್ಬರು ಹುಡುಗರು ಬಂಡೆ ಹತ್ತಲು ಬಂದವರು ನೋಡಲು ಬಂದರು. ಗಾಡಿ ಪಸಂದಾಯಿತು, ಆದರೆ ಸೈರನ್ನು, ದೀಪ ಮೊದಲಿನಂತೆ ಇರಬೇಕಂತೆ, ವಿಡಿಯೊಗೆ ಚೆನ್ನಾಗಿರುತ್ತಂತೆ. ಆಗಲ್ಲಪ್ಪ ಅಂದೆ.

ಸಿಂಧನೂರಿನ ಒಬ್ಬರು ಮಾತ್ರ ಗಂಭೀರವಾಗಿ ಬಂದರು. ಟೈರ್ ಒದ್ದು ನೋಡಿದರು, ಗೇರ್ ಹಾಕಿ ನೋಡಿದರು, ಗಾದಿ ಮೇಲೆ ಮಲಗಿಯೂ ನೋಡಿದರು. ಎದ್ದು ಕೂತು ನಿಧಾನಕ್ಕೆ ಕೇಳಿದರು.

"ಇದರಾಗ ಎಷ್ಟು ಮಂದಿ ಸತ್ತಾರ್ರಿ?"

"ಎಷ್ಟು ಮಂದಿ ಉಳದಾರ ಅಂತ ಕೇಳ್ರಿ ಸರ."

"ಉಳದವ್ರು ಬಂದು ಕಾಡಂಗಿಲ್ಲಲ್ರಿ. ಇಪ್ಪತ್ತು ಸಾವಿರ ಕಮ್ಮಿ ಮಾಡ್ರಿ."

ಕಮ್ಮಿ ಮಾಡಿದೆ. ಸಂಜೆ ಅವರ ತಾಯಿ ಬೇಡ ಅಂದರಂತೆ. ಬೆಲೆ ಮಾತ್ರ ಇಳಿದದ್ದು ಇಳಿದೇ ಹೋಯಿತು.

ಕೊನೆಗೆ ಬಂದದ್ದು ಒಬ್ಬ ನಾಟಕ ಕಂಪನಿ ಮಾಲೀಕರು. ಬನಶಂಕರಿ ಜಾತ್ರೆಗೆ ಕ್ಯಾಂಪ್ ಹಾಕುವವರಿದ್ದರು. ನನ್ನ ಜಾಹೀರಾತಿನ 'ಕ್ಯಾಂಪರ್' ಸರಿಯಾಗಿ ತಿಳಿದದ್ದು ಅವರೊಬ್ಬರಿಗೇ. ಪರದೆ ಹೇರಲು ಜಾಗ, ಹಾರ್ಮೋನಿಯಂ ಇಡಲು ಕಪಾಟು, ಮೇಕಪ್‌ಗೆ ಲೈಟು. ನಾನು ಮೊದಲೇ ಹೇಳಿಬಿಡೋಣ ಅಂತ, "ನೋಡ್ರಿ, ಒಬ್ಬಿಬ್ಬರು ಇದರಾಗ ತೀರಿಕೊಂಡಿರಬಹುದು" ಅಂದೆ.

"ನಮ್ಮ ಕಂಪನ್ಯಾಗ ದಿನಾ ಎರಡು ಆಟ. ಆಟಕ್ಕ ಒಬ್ಬ ಸಾಯತಾನ. ಪರದೆ ಬಿದ್ದ ಮ್ಯಾಲೆ ಎದ್ದು ಬಂದು ಚಹಾ ಕೇಳ್ತಾನ. ಅದೇನು ಬಿಡ್ರಿ" ಅಂದರು. ಎರಡು ಲಕ್ಷಕ್ಕೆ ಮಾತು ಮುಗಿಯಿತು. ಎರಡನೇ ಅಂಕದಲ್ಲಿ ಆಸ್ಪತ್ರೆ ಸೀನು ಇದೆ, ಸೈರನ್ ಇದ್ದರೆ ಚಲೋ ಇತ್ತು ಅಂದರು. ಅವರ ಮಾತು ಮುಗಿಯುವ ಮುಂಚೆ ನನ್ನ ಹೆಂಡತಿ ಅಟ್ಟ ಹತ್ತಿದ್ದಳು.

ಮರುದಿನ ಬೆಳಿಗ್ಗೆ ಅವರು ಗಾಡಿಗೆ ಕಾಯಿ ಒಡೆದು, ಮೂತಿಗೆ ದೊಡ್ಡ ಚೆಂಡುಹೂವಿನ ಹಾರ ಹಾಕಿದರು. ಆರು ಮಂದಿ ಕಲಾವಿದರು ಹಿಂದೆ ಕೂತರು. ಆರ್‌ಟಿಒ ಕೆಲಸಕ್ಕೆ ನಾನೂ ಅವರ ಜೊತೆ ಕೊಪ್ಪಳಕ್ಕೆ ಹೋದೆ. ಫೋನಿನ ಚಾರ್ಜು ದಾರಿಯಲ್ಲೇ ಮುಗಿಯಿತು.

ಮಧ್ಯಾಹ್ನ ಕಾರಟಗಿ ದೊಡ್ಡವ್ವನ ಫೋನು ಬಂದಿತ್ತಂತೆ. ಅವಳ ಮೊಮ್ಮಗ ನಮ್ಮ ಓಣಿಯಿಂದ ಹಾರ ಹಾಕಿದ ಆಂಬುಲೆನ್ಸ್ ಹೋದದ್ದು ನೋಡಿದ್ದ. "ಖರೇನವಾ?" ಅಂತ ಕೇಳಿದಳಂತೆ. ಹೆಂಡತಿ ಖುಷಿಯಲ್ಲಿದ್ದಳು. "ಖರೆ ದೊಡ್ಡವ್ವ, ಮುಂಜಾನೆ ಒಂಬತ್ತಕ್ಕ ಹೋತು. ಎರಡು ವರ್ಷ ತಾಳಿಕೊಂಡೆ. ಈಗ ನಿರುಮ್ಮಳ ಆತು ನೋಡು" ಅಂದಳಂತೆ.

ಸಂಜೆ ಬಸ್ಸಿಳಿದು ನಾನು ಓಣಿಗೆ ಬರುವುದಕ್ಕೂ ಮನೆ ಮುಂದೆ ಒಂದು ಟಂಟಂ ನಿಲ್ಲುವುದಕ್ಕೂ ಸರಿ ಹೋಯಿತು. ಹನ್ನೊಂದು ಮಂದಿ ಇಳಿದರು. ಈ ಸಲ ಮೋಸಂಬಿ ಇರಲಿಲ್ಲ. ದೊಡ್ಡವ್ವನ ಕೈಯಲ್ಲಿ ಒಂದು ಹಾರ ಇತ್ತು. ನನ್ನನ್ನು ನೋಡಿ ಅದನ್ನು ಮೆಲ್ಲಗೆ ಸೆರಗಿನೊಳಗೆ ಮುಚ್ಚಿಕೊಂಡಳು.