ಅತ್ತೆ ಒಡೆದ ಪಾತ್ರೆಗೆ ಬೆಲೆಯಿಲ್ಲ

ನಿನ್ನೆ ರಾತ್ರಿ ನ್ಯೂಜೆರ್ಸಿಯಿಂದ ಅಳಿಯಂದಿರ ಫೋನು. ಮೊಮ್ಮಗಳ ನೆಗಡಿ, ಅಲ್ಲಿನ ಚಳಿ ಎಲ್ಲಾ ಮುಗಿದು ಮಾತು ಎಂದಿನಂತೆ ರಾಜಕೀಯಕ್ಕೆ ಹೊರಳಿತು. ಅಮೆರಿಕದ ರಕ್ಷಣಾ ಸಚಿವ ಹೆಗ್‌ಸೆತ್ ಚಾಟ್ ಗ್ರೂಪಿನಲ್ಲಿ ದಾಳಿಯ ವೇಳಾಪಟ್ಟಿ ಹಾಕಿದ್ದರಲ್ಲ, ಆ ಸುದ್ದಿ ಬಂತು. "ಅಯ್ಯೋ ಅತ್ತೆ, ಅದು ಮುಗಿದ ಕಥೆ. ಕ್ಲೀನ್ ಚಿಟ್ ಸಿಕ್ಕಾಯ್ತಲ್ಲ!" ಅಂದರು. ಅಳಿಯ ಅಂತ ಸುಮ್ಮನಾದೆ. ಫೋನ್ ಇಟ್ಟ ಮೇಲೆ ಬಿಪಿ ಮಾತ್ರೆ ನುಂಗಿದೆ. ಇಲ್ಲಿ ನೀವು ಯಾರೂ ನನಗೆ ಅಳಿಯಂದಿರಲ್ಲ, ಆದ್ದರಿಂದ ಕೇಳಿಸಿಕೊಳ್ಳಿ.

ಮರೆತವರಿಗೆ ಚಿಕ್ಕದಾಗಿ. 2025ರ ಮಾರ್ಚ್ 15ರಂದು ಅಮೆರಿಕ ಯೆಮೆನ್‌ನ ಹೌತಿ ಬಂಡುಕೋರರ ಮೇಲೆ ದಾಳಿ ಮಾಡಿತು. ಅದರ ಮಾತುಕತೆ ನಡೆದದ್ದು ಸಿಗ್ನಲ್ ಆ್ಯಪ್‌ನ ಒಂದು ಗ್ರೂಪಿನಲ್ಲಿ. ಹೌದು, ನಮ್ಮ ಅಪಾರ್ಟ್‌ಮೆಂಟಿನವರು ನೀರಿನ ಟ್ಯಾಂಕರ್ ಬಗ್ಗೆ ಜಗಳ ಆಡ್ತಾರಲ್ಲ, ಅಂಥದ್ದೇ ಗ್ರೂಪು. ಗ್ರೂಪ್ ಮಾಡಿದವರು ರಾಷ್ಟ್ರೀಯ ಭದ್ರತಾ ಸಲಹೆಗಾರ ಮೈಕ್ ವಾಲ್ಟ್ಸ್. ಕೈತಪ್ಪಿ ಅದರೊಳಗೆ 'ದಿ ಅಟ್ಲಾಂಟಿಕ್' ಪತ್ರಿಕೆಯ ಸಂಪಾದಕ ಜೆಫ್ರಿ ಗೋಲ್ಡ್‌ಬರ್ಗ್ ಅವರನ್ನೂ ಸೇರಿಸಿಬಿಟ್ಟರು. ಉಪಾಧ್ಯಕ್ಷರು, ವಿದೇಶಾಂಗ ಸಚಿವರು, ಸಿಐಎ ಮುಖ್ಯಸ್ಥರು ಎಲ್ಲಾ ಇದ್ದ ಗ್ರೂಪಿನಲ್ಲಿ ಈ ಹೊಸಬ ಯಾರಪ್ಪಾ ಅಂತ ಒಬ್ಬರೂ ಕೇಳಲಿಲ್ಲ.

ಅವತ್ತು ಬೆಳಗ್ಗೆ 11:44ಕ್ಕೆ ರಕ್ಷಣಾ ಸಚಿವ ಪೀಟ್ ಹೆಗ್‌ಸೆತ್ ಗ್ರೂಪಿಗೆ ವೇಳಾಪಟ್ಟಿ ಹಾಕಿದರು. 12:15ಕ್ಕೆ ಎಫ್-18 ವಿಮಾನ ಹೊರಡುತ್ತೆ, ಡ್ರೋನ್ ಇಷ್ಟು ಹೊತ್ತಿಗೆ, ಮೊದಲ ಬಾಂಬ್ ಬೀಳೋದು ಇಷ್ಟು ಹೊತ್ತಿಗೆ. ಪೈಲಟ್‌ಗಳು ಇನ್ನೂ ಹಾರಿಯೇ ಇರಲಿಲ್ಲ! ಗೋಪ್ಯತೆಗೆ ಏನೂ ಧಕ್ಕೆ ಆಗಿಲ್ಲ ಅಂತ ಬೆನ್ನು ಬೇರೆ ತಟ್ಟಿಕೊಂಡರು. ಗೋಲ್ಡ್‌ಬರ್ಗ್ ಒಂದು ಸೂಪರ್‌ಮಾರ್ಕೆಟ್ ಪಾರ್ಕಿಂಗ್‌ನಲ್ಲಿ ಕಾರಿನಲ್ಲಿ ಕೂತು, ಇದು ನಿಜವೋ ಸುಳ್ಳೋ ಅಂತ ಕಾಯುತ್ತಿದ್ದರು. ಬಾಂಬ್ ಬಿತ್ತು. ವಾಲ್ಟ್ಸ್ ಸಾಹೇಬರು ಮುಷ್ಟಿ, ಬಾವುಟ, ಬೆಂಕಿ ಇಮೋಜಿ ಒತ್ತಿದರು.

ಗೋಲ್ಡ್‌ಬರ್ಗ್ ಇದನ್ನು ಬರೆದ ಮೇಲೆ ಬೈಗುಳ ಯಾರಿಗೆ ಬಿತ್ತು ಹೇಳಿ? ಅವರಿಗೇ. ಗ್ರೂಪಿನಲ್ಲಿ ಗುಟ್ಟಿನದ್ದೇನೂ ಇರಲಿಲ್ಲ ಅಂತ ಗುಪ್ತಚರ ಮುಖ್ಯಸ್ಥೆ ತುಳಸಿ ಗಬಾರ್ಡ್ ಸೆನೆಟ್ ಮುಂದೆ ಹೇಳಿದರು. ಮಾರನೇ ದಿನವೇ ಪತ್ರಿಕೆ ಆ ವೇಳಾಪಟ್ಟಿಯನ್ನು ಹಾಗೇ ಅಚ್ಚು ಹಾಕಿತು. ವಾಲ್ಟ್ಸ್ ಕುರ್ಚಿ ಮೇ ತಿಂಗಳಲ್ಲಿ ಹೋಯಿತು, ನಿಜ. ಅಲ್ಲಿಂದ ಎಲ್ಲಿಗೆ ಕಳಿಸಿದರು ಗೊತ್ತಾ? ವಿಶ್ವಸಂಸ್ಥೆಗೆ, ರಾಯಭಾರಿಯಾಗಿ. ಇಂಥ ಶಿಕ್ಷೆ ನನಗೂ ಒಂದು ಸಲ ಸಿಗಬಾರದಿತ್ತಾ!

ನಾನು ಖಜಾನೆಯಲ್ಲಿ ಸರ್ವಿಸ್ ಮಾಡಿ ರಿಟೈರ್ ಆದವಳು, ನಿಮಗೆಲ್ಲ ಗೊತ್ತು. ಮಾರ್ಚ್ ಬಂತೆಂದರೆ ಪ್ರಶ್ನೆಪತ್ರಿಕೆ ಬಂಡಲ್‌ಗಳು ನಮ್ಮ ಸ್ಟ್ರಾಂಗ್‌ರೂಮಿಗೆ ಬರುತ್ತಿದ್ದವು. ಡಬಲ್ ಲಾಕ್, ಎರಡು ಕೀಲಿ ಇಬ್ಬರ ಹತ್ತಿರ, ಬಾಗಿಲಲ್ಲಿ ಪೊಲೀಸ್. ಪರೀಕ್ಷೆ ದಿನ ಬೆಳಗ್ಗೆ ರೂಟ್ ಆಫೀಸರ್‌ಗಳು ಬಂದು, ಬಂಡಲ್ ತಿರುಗಿಸಿ ತಿರುಗಿಸಿ ನೋಡಿ, ರಿಜಿಸ್ಟರ್‌ನಲ್ಲಿ ಸಹಿ ಹಾಕಿ ಒಯ್ಯುತ್ತಿದ್ದರು. ಒಂದು ವರ್ಷ ಒಂದು ಬಂಡಲ್‌ನ ಸೀಲು ಅಂಚಿನಲ್ಲಿ ಚೂರು ಬಿರುಕು ಬಿಟ್ಟಿತ್ತು. ಒಳಗಿನ ಲಕೋಟೆ ಭದ್ರವಾಗಿತ್ತು. ಪೇಪರ್ ಸೋರಿರಲಿಲ್ಲ, ಪರೀಕ್ಷೆ ಸುಸೂತ್ರವಾಗಿ ನಡೆಯಿತು. ಆದರೂ ನಮ್ಮ ಎಸ್‌ಡಿಎ ಹುಡುಗನಿಗೆ ನೋಟಿಸ್, ವಿಚಾರಣೆ, ಕೊನೆಗೆ ಇನ್‌ಕ್ರಿಮೆಂಟ್ ಕಟ್. ಮದುವೆಗೆ ಸಾಲ ಮಾಡಿಕೊಂಡಿದ್ದ ಹುಡುಗ. ಅವನ ಮೇಲಿನವರ ಇನ್‌ಕ್ರಿಮೆಂಟ್ ಮಾತ್ರ ಟೈಮಿಗೆ ಸರಿಯಾಗಿ ಬಂತು.

ಹಾಗಾಗಿ "ದಾಳಿ ಯಶಸ್ವಿಯಾಯ್ತಲ್ಲ, ಯಾರಿಗೇನೂ ಆಗಲಿಲ್ಲವಲ್ಲ" ಅನ್ನುವ ವಾದ ನನ್ನ ಹತ್ತಿರ ನಡೆಯೋದಿಲ್ಲ. ಏನೂ ಆಗದೇ ಇದ್ದದ್ದು ಎಸ್‌ಡಿಎ ಹುಡುಗನನ್ನು ಉಳಿಸಲಿಲ್ಲ. ಸಚಿವರನ್ನು ಯಾಕೆ ಉಳಿಸಬೇಕು?

ಇನ್ನು ಕ್ಲೀನ್ ಚಿಟ್. 2025ರ ಡಿಸೆಂಬರ್‌ನಲ್ಲಿ ಪೆಂಟಗನ್‌ನ, ಅಂದರೆ ಅವರ ರಕ್ಷಣಾ ಇಲಾಖೆಯ, ಇನ್‌ಸ್ಪೆಕ್ಟರ್ ಜನರಲ್ (ಇಲಾಖೆಯೊಳಗಿನ ತನಿಖಾಧಿಕಾರಿ) ವರದಿ ಬಂತು. ಸ್ವಂತ ಫೋನಿನಲ್ಲಿ ಇಂಥದ್ದನ್ನು ಕಳಿಸಿದ್ದು ನಿಯಮಕ್ಕೆ ವಿರುದ್ಧ, ಶತ್ರು ಕೈಗೆ ಸಿಕ್ಕಿದ್ದರೆ ಸೈನಿಕರ ಜೀವಕ್ಕೆ ಅಪಾಯವಿತ್ತು ಅಂತ ಅದರಲ್ಲೇ ಇದೆ. ಜೊತೆಗೆ, ಯಾವುದು ಗುಟ್ಟು ಯಾವುದು ಅಲ್ಲ ಅಂತ ತೀರ್ಮಾನಿಸುವ ಅಧಿಕಾರ ಸಚಿವರಿಗಿದೆ ಅಂತಲೂ ಇದೆ. ಅವರು ಆ ಒಂದು ಸಾಲು ಹಿಡಿದುಕೊಂಡು ನಾನು ಪೂರ್ತಿ ನಿರ್ದೋಷಿ ಅಂದುಬಿಟ್ಟರು. ನನ್ನ ಹೊಟ್ಟೆಉರಿ ಇರೋದೇ ಇಲ್ಲಿ. ಬೀಗ ಹಾಕುವವನೂ ಅವನೇ, ಬಾಗಿಲು ತೆರೆದಿಟ್ಟವನೂ ಅವನೇ, ಇದು ಬಾಗಿಲೇ ಅಲ್ಲ ಅನ್ನುವವನೂ ಅವನೇ ಆದರೆ ಕೇಳೋರು ಯಾರು?

ಅದೇ ದೇಶದಲ್ಲಿ ಕೆಳಗಿನವರ ಗತಿ ನೋಡಿ. ರಿಯಾಲಿಟಿ ವಿನ್ನರ್ ಅನ್ನುವ ಹೆಣ್ಣುಮಗಳು ಒಂದೇ ಒಂದು ಗುಟ್ಟಿನ ವರದಿಯನ್ನು ಪತ್ರಕರ್ತರಿಗೆ ಕಳಿಸಿದಳು. 2018ರಲ್ಲಿ ಐದು ವರ್ಷ ಮೂರು ತಿಂಗಳು ಶಿಕ್ಷೆ. ಏರ್ ನ್ಯಾಷನಲ್ ಗಾರ್ಡ್‌ನ ಜಾಕ್ ಟೆಷೇರಾ ಅರೆಸ್ಟ್ ಆದಾಗ 21 ವರ್ಷದ ಹುಡುಗ. ಡಿಸ್ಕಾರ್ಡ್ ಅನ್ನುವ ಚಾಟ್ ಆ್ಯಪ್‌ನಲ್ಲಿ ಗೆಳೆಯರ ಮುಂದೆ ಜಂಬ ಕೊಚ್ಚಲು ಗುಟ್ಟಿನ ದಾಖಲೆ ಹಾಕಿದ. 15 ವರ್ಷ. ಅವನ ಮೇಲೆ ನನಗೆ ಕನಿಕರವೇನಿಲ್ಲ, ತಪ್ಪು ತಪ್ಪೇ. ಆದರೆ ಸಿಐಎ ಮುಖ್ಯಸ್ಥರಾಗಿದ್ದ ಜನರಲ್ ಪೆಟ್ರೇಯಸ್ ತಮ್ಮ ಜೀವನಚರಿತ್ರೆ ಬರೆಯುತ್ತಿದ್ದ ಗೆಳತಿಗೆ ಗುಟ್ಟಿನ ನೋಟ್‌ಬುಕ್‌ಗಳನ್ನೇ ಕೊಟ್ಟಿದ್ದರು. 2015ರಲ್ಲಿ ಅವರಿಗೆ ಆದದ್ದು ಎರಡು ವರ್ಷ ಪ್ರೊಬೇಷನ್, ಒಂದು ಲಕ್ಷ ಡಾಲರ್ ದಂಡ. ಒಂದು ದಿನವೂ ಜೈಲಿಲ್ಲ. ಅತ್ತೆ ಒಡೆದ ಪಾತ್ರೆಗೆ ಬೆಲೆಯಿಲ್ಲ ಅಂತ ನಮ್ಮಜ್ಜಿ ಹೇಳುತ್ತಿದ್ದುದು ಸುಮ್ನೆ ಅಲ್ಲ. (ಈಗ ನಾನೂ ಅತ್ತೆಯೇ, ಅದು ಬೇರೆ ವಿಷಯ.)

"ಟೆಷೇರಾ ಬೇಕಂತಲೇ ಮಾಡಿದ, ಇವರದು ಕೈತಪ್ಪು" ಅಂತೀರಾ? ಸೇರಿಸಿದ್ದು ಕೈತಪ್ಪು, ಒಪ್ಪಿದೆ. ವೇಳಾಪಟ್ಟಿ ಟೈಪ್ ಮಾಡಿದ್ದು? ಅದೂ ಅಲ್ಲದೆ ಅವರ 1917ರ ಬೇಹುಗಾರಿಕೆ ಕಾಯ್ದೆಯಲ್ಲಿ ತೀರಾ ಬೇಜವಾಬ್ದಾರಿಯೂ ಅಪರಾಧವೇ.

ನಾವೇನು ಕಮ್ಮಿ ಅಂತಲ್ಲ. 2019ರಲ್ಲಿ ರಫೇಲ್ ಯುದ್ಧವಿಮಾನ ಖರೀದಿ ಕಡತದ ಸುದ್ದಿ ಪತ್ರಿಕೆಯಲ್ಲಿ ಬಂದಾಗ, ದಾಖಲೆ ಕಳವಾಗಿದೆ ಅಂತ ಅಟಾರ್ನಿ ಜನರಲ್ ಸುಪ್ರೀಂ ಕೋರ್ಟಿಗೆ ಹೇಳಿದರು. ಆಮೇಲೆ, ಕಳವಲ್ಲ, ಜೆರಾಕ್ಸ್ ಅಂದರು. 1923ರ ಬ್ರಿಟಿಷರ ಕಾಲದ ಅಧಿಕೃತ ರಹಸ್ಯಗಳ ಕಾಯ್ದೆ ತೋರಿಸಿ ಹೆದರಿಸಿದ್ದು ಮಾತ್ರ ಪತ್ರಿಕೆಯನ್ನು.

ಈಗ ಕಾಮೆಂಟಿನಲ್ಲಿ "ಹಿಲರಿ ಇಮೇಲ್ ಬಗ್ಗೆ ಯಾಕೆ ಮಾತಾಡಲ್ಲ ಮೇಡಂ" ಅಂತ ಬರುವವರು ಇದ್ದೇ ಇದ್ದಾರೆ. ಮಾತಾಡ್ತೀನಿ. ಹಿಲರಿ ಕ್ಲಿಂಟನ್ ವಿದೇಶಾಂಗ ಸಚಿವೆಯಾಗಿದ್ದಾಗ ಸರ್ಕಾರಿ ಕೆಲಸಕ್ಕೆ ಖಾಸಗಿ ಇಮೇಲ್ ಬಳಸಿದ್ದರು. 2016ರಲ್ಲಿ ಎಫ್‌ಬಿಐ ಮುಖ್ಯಸ್ಥರಾಗಿದ್ದ ಕೋಮಿ, ಆಕೆ ತೀರಾ ಅಜಾಗರೂಕತೆ ತೋರಿದ್ದಾರೆ ಅಂದರು, ಕೇಸು ಮಾತ್ರ ಬೇಡ ಅಂದರು. ಅವರನ್ನೂ ಈ ಪಟ್ಟಿಗೆ ಧಾರಾಳವಾಗಿ ಸೇರಿಸಿಕೊಳ್ಳಿ. ಅವತ್ತು ಆಕೆಯನ್ನು ಜೈಲಿಗೆ ಹಾಕಿ ಅಂತ ಕೂಗುತ್ತಿದ್ದವರ ಸರ್ಕಾರವೇ ಇವತ್ತಿನದು ಅನ್ನೋದನ್ನೂ ಅದರ ಪಕ್ಕದಲ್ಲೇ ಬರೆದುಕೊಳ್ಳಿ.