ಸ್ವಯಂಪ್ರೇರಿತರಾಗಿ ಕಡ್ಡಾಯವಾಗಿ

ರಾತ್ರಿ ಒಂಬತ್ತೂ ಮುಕ್ಕಾಲಿಗೆ ನಮ್ಮ ಕ್ಲಸ್ಟರಿನ, ಅಂದರೆ ಸುತ್ತಲಿನ ಶಾಲೆಗಳ ಕೂಟದ, ವಾಟ್ಸಾಪ್ ಗುಂಪಿಗೆ ಸಂದೇಶ ಬಂತು. ‘ನಾಳೆ ಶಿಕ್ಷಕರ ಸಹಯೋಗಿ ಕಲಿಕಾ ಸಮಾಲೋಚನಾ ಸಭೆ ಇದ್ದು, ಎಲ್ಲ ಗುರುಗಳು ಹಾಗೂ ಗುರುಮಾತೆಯರು ಸ್ವಯಂಪ್ರೇರಿತರಾಗಿ ಕಡ್ಡಾಯವಾಗಿ ಭಾಗವಹಿಸತಕ್ಕದ್ದು. ತಪ್ಪಿದಲ್ಲಿ ತಮ್ಮನ್ನೇ ಹೊಣೆಗಾರರನ್ನಾಗಿ ಮಾಡಲಾಗುವುದು.’ ಐದು ನಿಮಿಷದೊಳಗೆ ಅದರ ಕೆಳಗೆ 32 ಕೈಮುಗಿದ ಚಿತ್ರಗಳು ಬಿದ್ದವು. ಒಂದು ನನ್ನದು. ಪ್ರೇರಣೆ ಎಂದರೆ ಹೀಗಿರಬೇಕು.

ಹುಬ್ಬಳ್ಳಿಯಿಂದ ಕುಂದಗೋಳದ ಕಡೆಗೆ ಹೋಗುವ ದಾರಿಯ ಒಂದು ಎರೆಮಣ್ಣಿನ ಊರಿನಲ್ಲಿ ನಾನು ನಾಲ್ಕನೆಯ ತರಗತಿಗೆ ಗಣಿತ ಕಲಿಸುತ್ತೇನೆ. ಆ ವಾರ ನನಗೆ ನಿಜವಾಗಿಯೂ ಸಮಾಲೋಚನೆ ಬೇಕಾಗಿತ್ತು. 402ರಲ್ಲಿ 178 ಕಳೆಯುವ ಲೆಕ್ಕವನ್ನು ಹಲಗೆಯ ಮೇಲೆ ಬರೆದು, ‘ಎರಡರಲ್ಲಿ ಎಂಟು ಹೋಗುವುದಿಲ್ಲ, ಪಕ್ಕದ ಮನೆಯಿಂದ ಕಡ ತರಬೇಕು’ ಎಂದಿದ್ದೆ. ಮುಂದಿನ ಸಾಲಿನ ಹುಡುಗಿ ಎದ್ದು ನಿಂತಳು. ‘ಸರ್, ಪಕ್ಕದ ಮನೆಯಲ್ಲಿ ಸೊನ್ನೆ ಇದೆ. ಏನೂ ಇಲ್ಲದವರು ಕಡ ಹೇಗೆ ಕೊಡುತ್ತಾರೆ?’ ಮಳೆ ಕೈಕೊಟ್ಟ ವರ್ಷಗಳನ್ನು ಕಂಡ ಮನೆಯವಳು. ಕಡದ ವಿಚಾರ ನನಗಿಂತ ಅವಳಿಗೆ ಚೆನ್ನಾಗಿ ಗೊತ್ತು. ‘ಸೊನ್ನೆ ಅದರಾಚೆಯ ಮನೆಯಿಂದ ತಂದು ನಮಗೆ ಕೊಡುತ್ತದೆ’ ಎಂದೆ. ‘ಹಾಗಾದರೆ ನಾವೇ ಅಲ್ಲಿಗೆ ಯಾಕೆ ಹೋಗಬಾರದು?’ ಎಂದಳು. ಅಷ್ಟರಲ್ಲಿ ಊಟದ ಗಂಟೆ ಹೊಡೆದು ನನ್ನ ಮಾನ ಉಳಿಯಿತು.

ಈ ಪ್ರಶ್ನೆಯನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಸಭೆಗೆ ಹೋದೆ.

ಹತ್ತು ಗಂಟೆಯ ಸಭೆಗೆ ಹನ್ನೊಂದಕ್ಕೆ ಫ್ಲೆಕ್ಸ್ ಬಂತು. ಅದಿಲ್ಲದೆ ಸಹಯೋಗ ಶುರುವಾಗುವಂತಿಲ್ಲ. ಪ್ರಾರ್ಥನೆ, ಸ್ವಾಗತ, ಸಸಿಗೆ ನೀರೆರೆಯುವುದು (ಪಾಪ, ಆ ಸಸಿ ವರ್ಷಕ್ಕೆ ಕಾಣುವ ನೀರು ಇಷ್ಟೇ), ಪ್ರಾಸ್ತಾವಿಕ ನುಡಿ, ಶಾಲು, ಪೇಡೆ. ಆಮೇಲೆ ಅತಿಥಿಗಳು ನಮ್ಮನ್ನು ಜಪಾನಿಗೆ ಕರೆದೊಯ್ದರು. ಅಲ್ಲಿ ನಾಲ್ಕೈದು ಶಿಕ್ಷಕರು ಕೂಡಿ ಒಂದೇ ಪಾಠವನ್ನು ಸಿದ್ಧಪಡಿಸುತ್ತಾರೆ, ಒಬ್ಬರು ಕಲಿಸುವಾಗ ಉಳಿದವರು ಮಕ್ಕಳನ್ನು ಗಮನಿಸುತ್ತಾರೆ, ಕೊನೆಗೆ ಎಲ್ಲರೂ ಕುಳಿತು ಪಾಠವನ್ನು ಬಿಚ್ಚಿ ನೋಡುತ್ತಾರೆ. ಅದಕ್ಕೆ ‘ಜುಗ್ಯೋ ಕೆಂಕ್ಯೂ’ ಎನ್ನುತ್ತಾರೆ ಎಂದರು. ಅಲ್ಲಿಂದ ಅಮೆರಿಕ. ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಶವರ್ಸ್ ಎಂಬಿಬ್ಬರು 1980ರ ದಶಕದ ಆರಂಭದಲ್ಲಿಯೇ ಹೇಳಿದ್ದಾರಂತೆ: ಬರೀ ಉಪನ್ಯಾಸ ಕೇಳಿದ ಶಿಕ್ಷಕರು ಅದನ್ನು ತರಗತಿಯಲ್ಲಿ ಬಳಸುವುದು ತೀರ ಕಡಿಮೆ, ಜೊತೆಗೊಬ್ಬರು ತರಗತಿಗೇ ಬಂದು ನೋಡಿ, ಹೇಳಿ, ಮತ್ತೆ ನೋಡಿದರೆ ಮಾತ್ರ ಅದು ಕೈಗೆ ಹತ್ತುತ್ತದೆ. ಉಪನ್ಯಾಸದಿಂದ ಉಪಯೋಗವಿಲ್ಲ ಎಂಬ ಈ ಉಪನ್ಯಾಸ ಒಂದು ತಾಸು ಹತ್ತು ನಿಮಿಷ ನಡೆಯಿತು. ಚಪ್ಪಾಳೆ ಜೋರಾಗಿಯೇ ಬಿತ್ತು.

ಜಪಾನಿನವರೆಗೆ ಹೋಗುವ ಅಗತ್ಯವೇನಿತ್ತೋ. 1995ರಲ್ಲಿ ನಮ್ಮದೇ ಹೆಗ್ಗಡದೇವನಕೋಟೆಯ ಪ್ರಾಥಮಿಕ ಶಾಲಾ ಶಿಕ್ಷಕರು ಆಂಧ್ರದ ಋಷಿವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದು, ತಾವೇ ಕುಳಿತು ಕಾರ್ಡುಗಳನ್ನು ಮಾಡಿ ಆಡುತ್ತ ಕಲಿಯುವ ‘ನಲಿ-ಕಲಿ’ ಪದ್ಧತಿಯನ್ನು ಕಟ್ಟಿದರು. ಚೆನ್ನಾಗಿತ್ತು. ಚೆನ್ನಾಗಿದ್ದ ತಪ್ಪಿಗೆ ರಾಜ್ಯಕ್ಕೆಲ್ಲ ಆದೇಶವಾಯಿತು. ಅವರು ಕುಳಿತು ಮಾಡಿದ ಕಾರ್ಡು ನಮಗೆ ಅಚ್ಚಾಗಿ ಬಂತು. ಅವರು ಕುಳಿತದ್ದು ಬರಲಿಲ್ಲ.

ಮಧ್ಯಾಹ್ನ ‘ಗುಂಪು ಚರ್ಚೆ’ಯ ಸರದಿ. ‘ಚರ್ಚೆ ಮಾಡುತ್ತಿರುವಂತೆ ದುಂಡಗೆ ಕುಳಿತುಕೊಳ್ಳಿ’ ಎಂದು ಅಪ್ಪಣೆಯಾಯಿತು. ಕುಳಿತೆವು. ನಾನು ಚೀಟಿ ತೆಗೆದು ಪಕ್ಕದ ಗುರುಮಾತೆಯವರಿಗೆ ಸೊನ್ನೆಯ ಕಥೆ ಹೇಳತೊಡಗಿದೆ. ಅವರ ಕಣ್ಣು ಅರಳಿತು. ‘ಅಯ್ಯೋ ಸರ್, ನಮ್ಮ ಶಾಲೆಯಲ್ಲಿಯೂ ಇದೇ...’ ಎನ್ನುವಷ್ಟರಲ್ಲಿ ಮೊಬೈಲ್ ಹಿಡಿದು ನಿಂತವರು ಗದರಿದರು: ‘ಮಾತನಾಡಬೇಡಿ ಗುರುಗಳೇ, ಫೋಟೋ ಅಲುಗಾಡುತ್ತದೆ!’

2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರಿಗೆ ವರ್ಷಕ್ಕೆ ಕನಿಷ್ಠ 50 ತಾಸು ವೃತ್ತಿ ಬೆಳವಣಿಗೆ ಇರಬೇಕು ಎನ್ನುತ್ತದೆ. ಫ್ಲೆಕ್ಸಿಗಾಗಿ ಕಾದ ತಾಸುಗಳನ್ನೂ ಹಿಡಿದರೆ ನಾವು ಅದನ್ನು ದಸರೆಯೊಳಗೆ ಮುಗಿಸುತ್ತೇವೆ.

ಎರಡು ದಿನ ಬಿಟ್ಟು, ಕ್ಲಸ್ಟರಿನ ಶಾಲೆಗಳಿಗೆ ಹೋಗಿ ಶಿಕ್ಷಕರಿಗೆ ನೆರವಾಗಬೇಕಾದ ಸಂಪನ್ಮೂಲ ವ್ಯಕ್ತಿ, ಅಂದರೆ ಸಿಆರ್‌ಪಿ ಸಾಹೇಬರು ನನ್ನ ತರಗತಿಗೇ ಬಂದರು. ಒಳ್ಳೆಯ ಮನುಷ್ಯ. ಅವರೂ ಮೊದಲು ಮಾಸ್ತರರೇ, ಪರೀಕ್ಷೆ ಬರೆದು ಈ ಕೆಲಸಕ್ಕೆ ಬಂದವರು, ಗಣಿತವೆಂದರೆ ಪ್ರಾಣ. ನಾನು ಪಾಠ ಶುರುಮಾಡಿದೆ, ಅವರು ಹಿಂದಿನ ಸಾಲಿನಲ್ಲಿ ಕುಳಿತರು. ಮೂರು ನಿಮಿಷಕ್ಕೆ ಅವರ ಫೋನ್ ಬಡಿದುಕೊಂಡಿತು: ಕ್ಲಸ್ಟರಿನಲ್ಲಿ ನಿನ್ನೆ ಮೊಟ್ಟೆ ತಿಂದ ಮಕ್ಕಳೆಷ್ಟು, ಬಾಳೆಹಣ್ಣು ತಿಂದವರೆಷ್ಟು, ಈಗಿಂದೀಗಲೇ ಬೇಕು. ಹೊರಗೆ ಹೋದರು. ಬಂದರು. ಮತ್ತೆ ಫೋನ್: ಶೌಚಾಲಯದ ಫೋಟೋ. ಮತ್ತೆ ಹೋದರು. ಮೂರನೆಯ ಸಲ ಒಳಗೆ ಬಂದಾಗ ಅವಧಿ ಮುಗಿದಿತ್ತು. ಸೊನ್ನೆಯ ಪ್ರಶ್ನೆಯನ್ನು ಅವರಿಗೂ ಹೇಳಿದೆ. ಕೇಳಿ, ಬೆವರು ಒರೆಸಿಕೊಳ್ಳುತ್ತ ವರದಿಯ ಆ್ಯಪ್ ತೆರೆದರು.

‘ಗುರುಗಳೇ, ಹುಡುಗಿಯ ಪ್ರಶ್ನೆ ಬಲು ಚೆನ್ನಾಗಿದೆ. ಆದರೆ ಅದನ್ನು ಎಲ್ಲಿ ತುಂಬಲಿ?’ ಎಂದು ಪರದೆ ತೋರಿಸಿದರು. ಕಲಿಕೋಪಕರಣ ಬಳಸಿದರೇ, ಹೌದು ಅಥವಾ ಇಲ್ಲ. ತರಗತಿ ಸಂತಸದಾಯಕವಾಗಿತ್ತೇ, ಹೌದು ಅಥವಾ ಇಲ್ಲ. ಕೊನೆಯಲ್ಲಿ ‘ಇತರೆ’ ಎಂಬ ಕಿಂಡಿ ಇತ್ತು. ‘ಸೊನ್ನೆ’ ಎಂದು ಬರೆದರು. ‘ಸಂಖ್ಯೆಗಳಿಗೆ ಅವಕಾಶವಿಲ್ಲ’ ಎಂದಿತು ಆ್ಯಪ್. ಹೌದು ಎಂದು ಒತ್ತಿ, ಚಹಾ ಕುಡಿದು, ಮುಂದಿನ ಶಾಲೆಗೆ ಹೊರಟರು.

ಸಂತೆಯ ದಿನ ಬೆಳಗಿನ ಬಸ್ಸಿನಲ್ಲಿ ಅದೇ ಗುರುಮಾತೆಯವರು ಸಿಕ್ಕರು. ಮೆಣಸಿನಕಾಯಿ ಚೀಲಗಳ ನಡುವೆ ನಿಂತೇ ಮಾತು ಶುರುವಾಯಿತು. ‘ಸರ್, ಸೊನ್ನೆಯನ್ನು ಒಂಟಿಯಾಗಿ ಬಿಟ್ಟದ್ದೇ ನಮ್ಮ ತಪ್ಪು’ ಎಂದು ತಮ್ಮ ಟಿಕೆಟನ್ನು ತಿರುವಿ, ಬೆನ್ನ ಮೇಲೆ 402 ಬರೆದು, 4 ಮತ್ತು 0 ಎರಡಕ್ಕೂ ಸೇರಿಸಿ ಒಂದೇ ಸುತ್ತು ಹಾಕಿದರು. ‘ಇದನ್ನು ನಲವತ್ತು ಹತ್ತು ಎಂದು ಓದಿಸಿ. ನಲವತ್ತು ಹತ್ತಿನ ನೋಟು ಇರುವವರ ಮನೆಯಿಂದ ಒಂದು ತಂದರೆ ಅಲ್ಲಿ ಮೂವತ್ತೊಂಬತ್ತು ಉಳಿಯುತ್ತವೆ, ನಮ್ಮ ಕೈಯಲ್ಲಿ ಹನ್ನೆರಡು. ಹನ್ನೆರಡರಲ್ಲಿ ಎಂಟು ಹೋದರೆ ನಾಲ್ಕು, ಮೂವತ್ತೊಂಬತ್ತರಲ್ಲಿ ಹದಿನೇಳು ಹೋದರೆ ಇಪ್ಪತ್ತೆರಡು. ಆಯಿತಲ್ಲ, 224.’ ನನಗೆ ಇಪ್ಪತ್ತು ವರ್ಷದ ನೌಕರಿಯಲ್ಲಿ ಹೊಳೆಯದ ಮಾತು. ಟಿಕೆಟಿನ ಮುಂಬದಿ ನೋಡಿದೆ: ಶಕ್ತಿ ಯೋಜನೆಯದು, ಮೊತ್ತ ಸೊನ್ನೆ. ‘ನೋಡಿ, ಸೊನ್ನೆ ಎಂದು ಬರೆದಿದ್ದರೂ ಊರು ಮುಟ್ಟಿಸುತ್ತದೆ’ ಎಂದು ನಕ್ಕರು.

ಅಷ್ಟರಲ್ಲಿ ಇಬ್ಬರ ಫೋನೂ ಒಟ್ಟಿಗೆ ಕೂಗಿತು. ಈ ವಾರ ಕೈಗೊಂಡ ಒಂದು ಸಹಯೋಗಿ ಚಟುವಟಿಕೆಯ ಫೋಟೋ, ಸ್ಥಳದ ಗುರುತಿನೊಂದಿಗೆ, ಹತ್ತು ಗಂಟೆಯೊಳಗೆ. ಗುರುಮಾತೆಯವರು ಟಿಕೆಟಿನ ಬೆನ್ನಿನ ಫೋಟೋ ತೆಗೆದು ಒತ್ತಿದರು. ‘ತಾವು ಶಾಲಾ ಆವರಣದಲ್ಲಿಲ್ಲ’ ಎಂದು ಕೆಂಪು ಅಕ್ಷರ ಬಂತು.

‘ನಿಲ್ಲಿ ಸರ್, ನಿಮ್ಮ ಶಾಲೆಯ ಮುಂದೆ ಬಸ್ ಹಾಯುವಾಗ ಒತ್ತೋಣ’ ಎಂದರು. ಇಬ್ಬರೂ ಉಸಿರು ಬಿಗಿಹಿಡಿದು ಪರದೆ ನೋಡುತ್ತ ಕಾದೆವು. ಒತ್ತಿದರು. ಹಸಿರು ಬಂತು, ‘ಯಶಸ್ವಿಯಾಗಿ ಸಲ್ಲಿಕೆಯಾಗಿದೆ.’ ತಲೆ ಎತ್ತಿ ನೋಡಿದರೆ ನನ್ನ ನಿಲುಗಡೆ ಹಿಂದೆ ಧೂಳಿನಲ್ಲಿತ್ತು. ಶಾಲೆಯ ಗೇಟಿನ ಬಳಿ ನಿಂತ ಆ ಹುಡುಗಿ ಬಸ್ಸಿನತ್ತ ಕೈ ಬೀಸುತ್ತಿದ್ದಳು.