ಭಾವಮೈದ ಎಲೆಕ್ಷನ್ನಿಗೆ ನಿಂತ

ಅಮೆರಿಕದಲ್ಲಿರುವ ನನ್ನ ಭಾವಮೈದ ಚುನಾವಣೆಗೆ ನಿಂತ ಸುದ್ದಿ ತಿಪಟೂರಿನ ನಮ್ಮ ಮನೆಗೆ ತಲುಪಿದ್ದು ಒಂದು ಭಾನುವಾರ, ತಿಂಡಿಯ ಹೊತ್ತಿಗೆ. ಹೆಂಡತಿ ಫೋನ್ ಇಟ್ಟು, "ರೀ, ಅವನು ಎಲೆಕ್ಷನ್ನಿಗೆ ನಿಂತಿದ್ದಾನಂತೆ" ಅಂದಳು. ಉಪ್ಪಿಟ್ಟು ತಿನ್ನುತ್ತಿದ್ದ ಚಿಕ್ಕಪ್ಪನ ಕೈ ಬಾಯಿಯ ಹತ್ತಿರವೇ ನಿಂತುಬಿಟ್ಟಿತು. ಚಿಕ್ಕಪ್ಪ ನಮ್ಮೂರ ಹಾಲಿನ ಡೈರಿ ಚುನಾವಣೆಯಲ್ಲಿ ಎರಡು ಸಲ ಸೋತು ಒಂದು ಸಲ ಗೆದ್ದವರು. ಈ ವಿಷಯದಲ್ಲಿ ಅವರನ್ನು ಮೀರಿಸುವವರು ನಮ್ಮ ಹೋಬಳಿಯಲ್ಲಿ ಇಲ್ಲ.

"ಯಾವ ಪಾರ್ಟಿ?" ಅಂದರು.

ಪಾರ್ಟಿ ಅಲ್ಲ, ವಿಜ್ಞಾನಿಗಳ ಗೌರವ ಸಂಘ ಅಂತ ಬಿಡಿಸಿ ಹೇಳುವಷ್ಟರಲ್ಲಿ ಉಪ್ಪಿಟ್ಟು ತಣ್ಣಗಾಯಿತು.

ಒಳ್ಳೆಯ ಕೆಲಸ ಮಾಡಿದವರನ್ನು ಆರಿಸಿ ಸದಸ್ಯರಾಗಿ ಸೇರಿಸಿಕೊಳ್ಳುವ ಇಂಥ ಸಂಘಗಳು ಅಲ್ಲಿ ಹಲವಿವೆ. ಸಂಶೋಧನೆಯವರ ಪೈಕಿ ಹಿರಿಯಣ್ಣ ಅಂದರೆ ಸಿಗ್ಮಾ ಕ್ಸೈ. ಗ್ರೀಕ್ ಅಕ್ಷರಗಳ ಹೆಸರು. ಸಾಹಿತ್ಯ, ತತ್ವಶಾಸ್ತ್ರ ಓದಿದವರಿಗೆ 1776ರಷ್ಟು ಹಿಂದೆಯೇ ಫೈ ಬೀಟಾ ಕಪ್ಪಾ ಅಂತ ಒಂದು ಹುಟ್ಟಿತ್ತು. ನಮಗೇನು ಕಮ್ಮಿ ಅಂತ 1886ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಫ್ರಾಂಕ್ ವ್ಯಾನ್ ವ್ಲೆಕ್ ಎಂಬ ಕಿರಿಯ ಮೇಷ್ಟ್ರು, ಕೆಲವು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಸೇರಿಕೊಂಡು ಇದನ್ನು ಕಟ್ಟಿದರು. ಹುರುಪಿನ ಸಂಶೋಧನೆಯಲ್ಲಿ ಜೊತೆಗಾರರು ಅನ್ನುವುದು ಅದರ ಧ್ಯೇಯವಾಕ್ಯ. ಐನ್‌ಸ್ಟೈನ್ ಸದಸ್ಯರಾಗಿದ್ದರು, ಫೈನ್‌ಮನ್ ಸದಸ್ಯರಾಗಿದ್ದರು. ನೊಬೆಲ್ ಪಡೆದ ಸದಸ್ಯರೇ 200ಕ್ಕೂ ಹೆಚ್ಚು. 1922ರಿಂದ ವಿದ್ಯಾರ್ಥಿಗಳ ಸಂಶೋಧನೆಗೆ ಸಣ್ಣ ಸಣ್ಣ ಮೊತ್ತದ ಸಹಾಯಧನ ಕೊಡುತ್ತಾ ಬಂದಿದೆ. ಇದನ್ನು ನೋಡಿ ನಗುವಂತಿಲ್ಲ. ಯಾವುದೋ ಕಾಡಿನಲ್ಲಿ ಕಪ್ಪೆ ಲೆಕ್ಕ ಹಾಕಲು ಹೊರಟ ಹುಡುಗಿಗೆ ಪ್ರಯಾಣದ ಖರ್ಚು ಸಿಕ್ಕರೆ ಅದು ದೊಡ್ಡ ವಿಷಯವೇ.

ಭಾವಮೈದನ ಸಂಘ ಇದಲ್ಲ, ಇದೇ ಧಾಟಿಯ ಇನ್ನೊಂದು. ಹೆಸರು ಹೇಳಿದರೆ ದೀಪಾವಳಿಗೆ ಬಂದಾಗ ಅವನು ನನ್ನನ್ನು ಮಾತನಾಡಿಸುವುದಿಲ್ಲ.

"ಗೌರವ ಅಂದ್ರೆ ಏನು ಕೊಡ್ತಾರೆ?" ಚಿಕ್ಕಪ್ಪ ಕೇಳಿದರು. "ಶಾಲು? ಹಣ್ಣಿನ ಬುಟ್ಟಿ?"

"ಒಂದು ಸರ್ಟಿಫಿಕೇಟ್ ಕೊಡ್ತಾರೆ. ಆಮೇಲೆ ವರ್ಷ ವರ್ಷ ಇವನೇ ಚಂದಾ ಕಟ್ಟಬೇಕು."

"ಕಟ್ಟದಿದ್ರೆ?"

"ಸದಸ್ಯತ್ವ ನಿಷ್ಕ್ರಿಯ ಆಗುತ್ತೆ."

"ಅಂದ್ರೆ ಗೌರವಾನೂ ಕರೆಂಟ್ ಬಿಲ್ ಥರ" ಅಂದರು ಚಿಕ್ಕಪ್ಪ. "ಕಟ್ಟದಿದ್ರೆ ಫ್ಯೂಸ್ ಕಿತ್ಕೊಂಡು ಹೋಗ್ತಾರೆ."

ಅವನು ನಿಂತಿರುವುದು ಪ್ರಾಂತೀಯ ನಿರ್ದೇಶಕ ಸ್ಥಾನಕ್ಕೆ. ಅಷ್ಟು ದೊಡ್ಡ ದೇಶವನ್ನು ಈ ಸಂಘಗಳು ದಿಕ್ಕಿನ ಪ್ರಕಾರ ಹಂಚಿಕೊಂಡಿರುತ್ತವೆ. ಸಿಗ್ಮಾ ಕ್ಸೈನಲ್ಲೂ ಹಾಗೇ. ಈಶಾನ್ಯ, ಆಗ್ನೇಯ, ನೈರುತ್ಯ, ವಾಯವ್ಯ, ಆಮೇಲೆ ನಡುವೆ ಉಳಿದದ್ದು ಇನ್ನೆರಡು ಭಾಗ. ಇದನ್ನು ಕೇಳಿದ್ದೇ ಚಿಕ್ಕಪ್ಪನ ಕಣ್ಣು ಅರಳಿತು. "ಇವನು ಯಾವ ಮೂಲೆ? ಈಶಾನ್ಯ ಆದ್ರೆ ದೇವಮೂಲೆ, ಗೆಲ್ತಾನೆ. ಆಗ್ನೇಯ ಅಡುಗೆಮನೆ, ಬರೀ ಹೊಗೆ. ನೈರುತ್ಯ ಮಾತ್ರ ಬಿಡಬೇಡ ಅಂತ ಹೇಳು, ಕುಬೇರ ಮೂಲೆ." ಅಮೆರಿಕನ್ ವಿಜ್ಞಾನಕ್ಕೆ ವಾಸ್ತು ನೋಡಿದ ಮೊದಲ ಮನುಷ್ಯ ನಮ್ಮ ಚಿಕ್ಕಪ್ಪನೇ ಇರಬೇಕು.

ಒಂದೊಂದು ಪ್ರಾಂತ್ಯದಲ್ಲೂ ಹಲವು ರಾಜ್ಯ. ನಮ್ಮಲ್ಲಿ ಒಂದು ಕರ್ನಾಟಕಕ್ಕೆ 224 ಶಾಸಕರು ಬೇಕು, ಅವರೂ ಕೈಗೆ ಸಿಗುವುದಿಲ್ಲ. ಅಲ್ಲಿ ನಾಲ್ಕಾರು ರಾಜ್ಯಕ್ಕೆ ಒಬ್ಬ ಭಾವಮೈದ.

ಟಿಕೆಟ್ ಹೇಗೆ ಸಿಕ್ಕಿತು ಅಂತ ಆ ರಾತ್ರಿ ಫೋನ್ ಮಾಡಿ ಕೇಳಿದೆ. "ಭಾವ, ಮೀಟಿಂಗಿಗೆ ಹತ್ತು ನಿಮಿಷ ತಡವಾಗಿ ಹೋದೆ. ಅಷ್ಟರಲ್ಲಿ ನನ್ನ ಹೆಸರು ಬರೆದಾಗಿತ್ತು" ಅಂದ. ನಮ್ಮಲ್ಲಿ ಟಿಕೆಟ್ ಸಿಗಲಿಲ್ಲ ಅಂತ ಭಿನ್ನಮತ ಏಳುತ್ತದೆ, ಕಣ್ಣೀರು ಹರಿಯುತ್ತದೆ, ಪಕ್ಷೇತರ ನಾಮಪತ್ರ ಬೀಳುತ್ತದೆ. ಅಲ್ಲಿ ಟಿಕೆಟ್ ಕೊಡುತ್ತಾರೆ ಅಂದರೆ ಜನ ಹಿಂದಿನ ಬಾಗಿಲಿನಿಂದ ಓಡುತ್ತಾರೆ. ಇದಕ್ಕೇ ಅಭ್ಯರ್ಥಿಗಳನ್ನು ಹುಡುಕುವ ಸಮಿತಿ ಅಂತ ಒಂದಿದೆ. ಆ ಸಮಿತಿಗೂ ಸದಸ್ಯರನ್ನು ಚುನಾವಣೆಯಲ್ಲೇ ಆರಿಸುತ್ತಾರೆ. ಆ ಚುನಾವಣೆಗೆ ಅಭ್ಯರ್ಥಿಗಳನ್ನು ಹುಡುಕುವುದು ಯಾರು? ಅದೇ ಸಮಿತಿ. ನನಗೂ ಮೊದಲು ಅರ್ಥವಾಗಲಿಲ್ಲ. ಕೋಳಿ ಮೊದಲಾ ಮೊಟ್ಟೆ ಮೊದಲಾ ಅನ್ನುವುದನ್ನು ಜೀವಶಾಸ್ತ್ರದವರೇ ಬಗೆಹರಿಸಿಕೊಳ್ಳಲಿ ಅಂತ ಬಿಟ್ಟೆ.

(ಬೆಂಗಳೂರಿನಲ್ಲಿ ಸಿ.ವಿ. ರಾಮನ್ ಈ ತಲೆನೋವನ್ನೇ ಇಟ್ಟುಕೊಳ್ಳಲಿಲ್ಲ. 1934ರಲ್ಲಿ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಕಟ್ಟಿದರು, ತಾವೇ ಅಧ್ಯಕ್ಷರಾದರು, 1970ರಲ್ಲಿ ತೀರಿಕೊಳ್ಳುವವರೆಗೂ ಅವರೇ ಅಧ್ಯಕ್ಷರು. 36 ವರ್ಷ. "ಪುಣ್ಯಕ್ಕೆ ಅವರು ನಮ್ಮ ಡೈರಿಗೆ ಬರಲಿಲ್ಲ" ಅಂದರು ಚಿಕ್ಕಪ್ಪ.)

ಭಾವಮೈದನ ಎದುರಾಳಿ ಒಬ್ಬ ರಸಾಯನಶಾಸ್ತ್ರದ ಪ್ರೊಫೆಸರ್. ಇಬ್ಬರೂ ತಲಾ ಒಂದು ಪುಟದ ಹೇಳಿಕೆ ಬರೆದುಕೊಟ್ಟಿದ್ದರು. ಪ್ರಣಾಳಿಕೆ ಅನ್ನಿ. ಅವನು ಎರಡನ್ನೂ ನನಗೆ ಕಳಿಸಿದ. ನಾನು ಎರಡೆರಡು ಸಲ ಓದಿದೆ. ಮೂರನೇ ಸಲ ಓದುವಾಗ ಯಾವುದು ಯಾರದು ಅಂತ ಮರೆತುಹೋಯಿತು. ಇಬ್ಬರೂ ಸಂಘದ ಸೊರಗಿದ ಶಾಖೆಗಳಿಗೆ ಹೊಸ ಚೈತನ್ಯ ತುಂಬುತ್ತಾರಂತೆ. ಇಬ್ಬರೂ ಯುವ ವಿಜ್ಞಾನಿಗಳನ್ನು ತೊಡಗಿಸಿಕೊಳ್ಳುತ್ತಾರಂತೆ. ಇಬ್ಬರೂ ಬೇರೆ ಬೇರೆ ಶಾಸ್ತ್ರಗಳ ನಡುವೆ ಸೇತುವೆ ಕಟ್ಟುತ್ತಾರಂತೆ.

"ಟೆಂಡರ್ ಯಾರಿಗೆ?" ಅಂದರು ಚಿಕ್ಕಪ್ಪ.

ನನ್ನ ಭಾವಮೈದ ಎಂಥವನು ಅಂತ ನಿಮಗೆ ಗೊತ್ತಿರಬೇಕು. ಮಣ್ಣಿನ ಸೂಕ್ಷ್ಮಜೀವಿಗಳ ಮೇಲೆ ಕೆಲಸ ಮಾಡುತ್ತಾನೆ. ಅವನ ವಿದ್ಯಾರ್ಥಿಯೊಬ್ಬ ಪ್ರಬಂಧದಲ್ಲಿ "ಇಳುವರಿ ಗಣನೀಯವಾಗಿ ಹೆಚ್ಚಿತು" ಅಂತ ಬರೆದಿದ್ದಕ್ಕೆ ನಾಲ್ಕು ಸಲ ವಾಪಸ್ ಕಳಿಸಿದ್ದ. ಎಷ್ಟು ಗಣನೀಯ? ಎಷ್ಟು ಗಿಡ ನೋಡಿದೆ? ಗೊಬ್ಬರ ಹಾಕದ ಪಾತಿ ಎಲ್ಲಿ? ಒಂದು ಸಲ ನಮ್ಮ ಮನೆಗೆ ಬಂದಾಗ, ಈ ಕಷಾಯ ಕುಡಿದರೆ ಕೆಮ್ಮು ಹೋಗುತ್ತೆ ಅಂದ ನನ್ನ ಅತ್ತೆಗೆ, ಅಂದರೆ ತನ್ನ ಸ್ವಂತ ತಾಯಿಗೆ, "ಕುಡಿಯದೇ ಇದ್ರೂ ಹೋಗ್ತಿತ್ತಾ, ಅದನ್ನು ನೋಡಿದ್ದೀಯಾ ಅಮ್ಮ?" ಅಂದಿದ್ದ. ಅತ್ತೆ ಎರಡು ದಿನ ಮಾತು ಬಿಟ್ಟಿದ್ದರು.

ಅದೇ ಧೈರ್ಯದಲ್ಲಿ ನಾನು ಕೇಳಿದೆ. "ಅಲ್ಲಪ್ಪ, ಶಾಖೆಗೆ ಚೈತನ್ಯ ಬಂತು ಅಂತ ಹೇಗೆ ಗೊತ್ತಾಗುತ್ತೆ?"

"ಅಂದ್ರೆ?"

"ಅಳೆಯೋದು ಹೇಗೆ? ಈಗ ಎಷ್ಟಿದೆ, ಮೂರು ವರ್ಷ ಆದ್ಮೇಲೆ ಎಷ್ಟಿರುತ್ತೆ? ನೀನು ಚೈತನ್ಯ ತುಂಬದ ಒಂದು ಶಾಖೆನೂ ಪಕ್ಕಕ್ಕೆ ಇಟ್ಟುಕೊಳ್ಳಬೇಕಲ್ವಾ, ಹೋಲಿಸೋಕೆ?"

ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಸಮುದ್ರದಾಚೆಯ ಲೈನು ಕಟ್ಟಾಯಿತೇನೋ ಅಂದುಕೊಂಡೆ.

"ಭಾವ, ಇದು ಹಾಗಲ್ಲ."

"ಮತ್ತೆ ಹೇಗೆ?"

"ಇದು ಸುಮ್ನೆ... ಹೇಳಿಕೆ."

ಅತ್ತೆಗೆ ಫೋನ್ ಕೊಡಬೇಕು ಅನ್ನಿಸಿತು. ಕೊಡಲಿಲ್ಲ.

ಪ್ರಚಾರದ ವಿಷಯದಲ್ಲಿ ಚಿಕ್ಕಪ್ಪನ ಅನುಭವ ಯಾವುದೂ ಕೆಲಸಕ್ಕೆ ಬರಲಿಲ್ಲ. ಕುಕ್ಕರ್ ಹಂಚುವಂತಿಲ್ಲ. ಬಾಡೂಟ ಹಾಕಿಸೋಣ ಅಂದರೆ ಮತದಾರರು ಸಾವಿರಾರು ಮೈಲಿ ಚೆದುರಿದ್ದಾರೆ. ಜಾತಿ ಲೆಕ್ಕ ಮಾತ್ರ ಸ್ವಲ್ಪ ಹೊಂದಿತು. ಭೌತಶಾಸ್ತ್ರದವರು ಯಾರ ಕಡೆ, ಎಂಜಿನಿಯರುಗಳು ಯಾರ ಕಡೆ, ಗಣಿತದವರು ಬರುತ್ತಾರೋ ಇಲ್ಲವೋ. "ಗಣಿತದವರನ್ನು ನಂಬಬೇಡ" ಅಂತ ಚಿಕ್ಕಪ್ಪ ಎಚ್ಚರಿಸಿದರು. "ಅವರು ಎಣಿಸ್ತಾರೆ."

ಮತಗಟ್ಟೆ ಅಂದರೆ ಇಮೇಲ್. ಅದರಲ್ಲಿ ಒಂದು ಲಿಂಕ್. ಲಿಂಕ್ ಒತ್ತಿದರೆ ಸದಸ್ಯ ಸಂಖ್ಯೆ ಕೇಳುತ್ತದೆ. ಸದಸ್ಯ ಸಂಖ್ಯೆ ಇರುವುದು ಆ ಸರ್ಟಿಫಿಕೇಟಿನ ಮೇಲೆ. ಸರ್ಟಿಫಿಕೇಟ್ ಇರುವುದು ಅಟ್ಟದ ಮೇಲೆ. ಈ ಇಮೇಲ್ ಬಂದು ಕೂರುವುದಾದರೂ ಎಲ್ಲಿ? "ನಿಮ್ಮ ಅಮೂಲ್ಯ ಪ್ರಬಂಧ ಕಳಿಸಿ, ಮೂರೇ ದಿನದಲ್ಲಿ ಪ್ರಕಟಿಸುತ್ತೇವೆ" ಅನ್ನುವ ಠಕ್ಕ ಪತ್ರಿಕೆಗಳ ಓಲೆಗಳ ಪಕ್ಕದಲ್ಲಿ. ವಿಜ್ಞಾನಿ ಎರಡನ್ನೂ ಒಂದೇ ಏಟಿಗೆ ಅಳಿಸುತ್ತಾನೆ. ನಮ್ಮೂರಲ್ಲಿ ತೊಂಬತ್ತು ದಾಟಿದ ಅಜ್ಜಿಯನ್ನು ಕುರ್ಚಿಯಲ್ಲಿ ಹೊತ್ತು ತಂದು ಬೆರಳಿಗೆ ಶಾಯಿ ಹಾಕಿಸುತ್ತಾರೆ. ಅಲ್ಲಿ ಪರಮಾಣು ಒಡೆದವನಿಗೆ ಪಾಸ್‌ವರ್ಡ್ ನೆನಪಿಲ್ಲ.

ಅಂತೂ ಅವನು ಗೆದ್ದ.

ಚಿಕ್ಕಪ್ಪ ಆ ದಿನವೇ ಫ್ಲೆಕ್ಸ್ ಮಾಡಿಸಿದರು. ಕಲ್ಪತರು ನಾಡಿನ ಹೆಮ್ಮೆಯ ಪುತ್ರ, ಅಮೆರಿಕದ ಪ್ರಾಂತೀಯ ನಿರ್ದೇಶಕ. ಮೂಲೆಯಲ್ಲಿ ಚಿಕ್ಕಪ್ಪನದೂ ಫೋಟೋ, ಭಾವಮೈದನದಕ್ಕಿಂತ ಕೊಂಚ ದೊಡ್ಡದು. ಆಮೇಲೆ ಫೋನ್ ತೆಗೆದುಕೊಂಡು, "ಎಷ್ಟು ಲೀಡು?" ಅಂದರು. ಅವನು ಸಂಖ್ಯೆ ಹೇಳಿದ. ಚಿಕ್ಕಪ್ಪ ಮತ್ತೊಮ್ಮೆ ಕೇಳಿಸಿಕೊಂಡರು. ಕೈ ಅಡ್ಡ ಹಿಡಿದು ನನ್ನ ಕಿವಿಯಲ್ಲಿ, "ಇದಕ್ಕಿಂತ ಜಾಸ್ತಿ ಓಟಲ್ಲಿ ನಾನು ಸೋತಿದ್ದೀನಿ ಕಣೋ" ಅಂದರು.

"ಹೋಗಲಿ, ನಿನ್ನ ಓಟು ನಿನಗೇ ಹಾಕಿಕೊಂಡೆ ತಾನೇ?" ಅಂತ ನಾನು ಕೇಳಿದೆ.

ಇಮೇಲ್ ಸ್ಪ್ಯಾಮಿಗೆ ಹೋಗಿತ್ತಂತೆ. ಫಲಿತಾಂಶ ಬಂದು ವಾರ ಆದ ಮೇಲೆ ಸಿಕ್ಕಿತಂತೆ.

ಹೋದ ವಾರ ಅವನೇ ಫೋನ್ ಮಾಡಿದ್ದ. ದನಿ ಬತ್ತಿತ್ತು. ಮುಂದಿನ ಸಲಕ್ಕೆ ಅಭ್ಯರ್ಥಿಗಳನ್ನು ಹುಡುಕುವ ಕೆಲಸ ಈಗ ಅವನ ತಲೆಗೇ ಬಿದ್ದಿದೆ. ಹನ್ನೊಂದು ಜನರನ್ನು ಕೇಳಿದ್ದಾನೆ. ಹನ್ನೊಂದು ಜನರಿಗೂ ಆ ಮೂರು ವರ್ಷ ತುಂಬಾ ಕೆಲಸ ಇದೆಯಂತೆ. "ಭಾವ, ನಿಮ್ಮ ಪರಿಚಯದವರ ಮಕ್ಕಳು ಯಾರಾದ್ರೂ ಈ ಕಡೆ ಇದ್ದಾರಾ? ಎರಡು ಪೇಪರ್ ಬರೆದಿದ್ರೂ ಸಾಕು" ಅಂದ.

ಫೋನ್ ಸ್ಪೀಕರಿನಲ್ಲಿತ್ತು. ಚಿಕ್ಕಪ್ಪ ಎಲೆ ಅಡಿಕೆ ಪಕ್ಕಕ್ಕಿಟ್ಟು ಮುಂದಕ್ಕೆ ಬಗ್ಗಿದರು.

"ಡೆಪಾಸಿಟ್ ಎಷ್ಟಪ್ಪ?"